ಸಾಕು ಎನ್ನದ ಗಡ್ಡೆ

ಹಾಲಮ್ಮನ ಪಕ್ಕೆಲುಬಿನ ಮರೆಯಲ್ಲಿ ಹುಣಸೆಬೀಜದಷ್ಟು ಕ್ಯಾನ್ಸರ್ ಗಡ್ಡೆಯೊಂದು ಅಡಗಿ ಕೂತಿತ್ತು. ಹಳೆಯ ಎಕ್ಸ್‌ರೇ ಯಂತ್ರ ಎರಡು ಸಲ ಇಣುಕಿ, ಬರೀ ಮೂಳೆಯ ನೆರಳು ಕಂಡು ಸುಮ್ಮನಾಗಿತ್ತು. "ನನ್ನನ್ನು ಹಿಡಿಯುವವನು ಇನ್ನೂ ಹುಟ್ಟಿಬರಬೇಕು" ಎಂದು ಗಡ್ಡೆ ಬೀಗುತ್ತಿತ್ತು.

ಒಂದು ಬೆಳಿಗ್ಗೆ ಹೊಸ ಸ್ಕ್ಯಾನರ್ ಹಾಲಮ್ಮನ ರಕ್ತಕ್ಕೆ ಸಕ್ಕರೆ ಹರಿಸಿ, "ಎಲ್ಲರೂ ಪಂಕ್ತಿಗೆ ಬನ್ನಿ, ಸಿಹಿ ಬಡಿಸಿದ್ದೇನೆ" ಎಂದು ಕರೆಯಿತು. ಶ್ವಾಸಕೋಶ ತುಸು ತಿಂದು "ಸಾಕು" ಎಂದಿತು. ಮೂಳೆ "ಸಾಕಪ್ಪ, ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯಿತು. ಮೆದುಳು ಎಂದಿನಂತೆ ಗಡದ್ದಾಗಿ ಉಂಡರೂ ಕೊನೆಗೆ "ಸಾಕು" ಎಂದಿತು. ಗಡ್ಡೆಗೆ ಬಾಯಲ್ಲಿ ನೀರೂರಿತು. ನೋಡುವವರು ಯಾರೂ ಇಲ್ಲವೆಂದುಕೊಂಡು, "ಇನ್ನೂ ಹಾಕು, ಇನ್ನೂ ಹಾಕು" ಎಂದು ಗಬಗಬನೆ ಮುಕ್ಕತೊಡಗಿತು.

ಆ ಸಕ್ಕರೆಗೆ, ತಿಂದವರನ್ನು ತಿಂದಷ್ಟೂ ಹೆಚ್ಚಾಗಿ ಬೆಳಗಿಸುವ ಗುಣವಿತ್ತು. ಪರದೆಯ ಮೇಲೆ, ಪಕ್ಕೆಲುಬಿನ ಹಿಂದೆ ಹಣತೆ ಹಚ್ಚಿಟ್ಟಂತಾಯಿತು.

"ಚಿಕ್ಕದಿರುವಾಗಲೇ ಸಿಕ್ಕಿತಲ್ಲ ಹಾಲಮ್ಮನವರೇ, ತೆಗೆದುಬಿಡೋಣ" ಎಂದರು ಡಾಕ್ಟರು.

"ಮರೆಯಲ್ಲಿದ್ದ ನನ್ನನ್ನು ಹೇಗೆ ಹುಡುಕಿದೆ?" ಎಂದು ಗಡ್ಡೆ ಕಿರುಚಿತು.

"ನಾನೆಲ್ಲಿ ಹುಡುಕಿದೆ?" ಎಂದಿತು ಸ್ಕ್ಯಾನರ್. "ಬಡಿಸಿದೆ, ಅಷ್ಟೇ. ಸಾಕು ಅನ್ನದವನು ನೀನೊಬ್ಬನೇ."