ಏಕತಾರಿಯ ತಂತಿ ಸಡಿಲಿಸಿದವನು

ಹೊಳೆದಂಡೆಯ ಆ ಮಠಕ್ಕೆ ಬಂದವರೆಲ್ಲ ಏನನ್ನೋ ಬಿಟ್ಟು ಬಂದವರೇ. ಇಂದೂಧರ ಮಾತ್ರ ತಾನಾಗಿ ಏನನ್ನೂ ಬಿಟ್ಟವನಲ್ಲ, ಅವನನ್ನೇ ಬಿಟ್ಟಿದ್ದರು.

ಒಂದು ಮಳೆಗಾಲದ ಮಟ್ಟಿಗೆ ಅವನು ಹುಬ್ಬಳ್ಳಿಯ 'ಏಳನೇ ಗೇರ್' ಎಂಬ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಿದ್ದ. ಚಳಿಗಾಲಕ್ಕೆ ಅವನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಬೇಸಿಗೆಯ ಹೊತ್ತಿಗೆ ಬ್ಯಾಂಡು ಊರೂರಲ್ಲಿ ಹೆಸರು ಮಾಡಿತು. ಇಂದೂಧರ ಕಟ್ಟಿಕೊಟ್ಟ ಬೇಸ್ ನುಡಿಗೇ ಈಗ ಜನ ಸಿಳ್ಳೆ ಹೊಡೆಯುತ್ತಿದ್ದರು. ಸಿಳ್ಳೆ ಮಾತ್ರ ಇನ್ನೊಬ್ಬನ ಪಾಲು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಇಂದೂಧರನ ಕಥೆಯನ್ನೆಲ್ಲ ಕೇಳಿದ ಅಜ್ಜಾರು, ಸಂಜೆಯ ಭಜನೆಗೆ ಏಕತಾರಿ ಹಿಡಿ ಎಂದರು. ಅಲ್ಲಿನ ಭಜನೆಗೆ ಬೇರೆ ವಾದ್ಯವೇ ಇಲ್ಲ, ಒಂದೇ ತಂತಿಯ ಆ ಏಕತಾರಿ ಅಷ್ಟೇ. ಹಿಡಿದವನು ಅಜ್ಜಾರ ಪಕ್ಕದಲ್ಲಿ ಕೂರಬೇಕು. ಆ ಜಾಗ ಇಂದೂಧರನಿಗೆ ಎಷ್ಟು ಹಿಡಿಸಿತೆಂದರೆ, ಊಟಕ್ಕೂ ಅಲ್ಲೇ ಕೂರತೊಡಗಿದ.

ಒಂದು ಮುಂಜಾನೆ ಗ್ಯಾರೇಜಿನ ಕೆಲಸ ಬಿಟ್ಟು ಫಕೀರೇಶ ಎಂಬವನು ಬಂದ. ಅವನ ಟೀ ಶರ್ಟಿನ ಮೇಲೆ 'ಏಳನೇ ಗೇರ್'ನವರ ನಾಲ್ಕು ಮುಖಗಳಿದ್ದವು. ನಾಲ್ಕರಲ್ಲಿ ಇಂದೂಧರನದು ಇರಲಿಲ್ಲ.

"ಈ ಬೇಸ್ ನುಡಸಾಂವ ಅದಾನಲ್ರೀ, ಹುಲಿ!" ಎಂದು ಫಕೀರೇಶ ಎದೆಯ ಮೇಲಿನ ಮುಖ ತಟ್ಟಿ ತೋರಿಸಿದ. "ಅವನ ಕೈ ಬಿತ್ತಂದ್ರ ಎದಿ ನಡಗತೈತ್ರಿ."

ಆ ನುಡಿ ಕಟ್ಟಿದ್ದು ನಾನು ಎನ್ನಬೇಕೆಂದುಕೊಂಡ ಇಂದೂಧರ. ನಂಬುವವರು ಯಾರು?

ಸಂಜೆ ಅಜ್ಜಾರು ಕರೆದರು. "ಇಂದೂಧರ, ಇವತ್ತಿಂದ ಏಕತಾರಿ ಫಕೀರೇಶ ಹಿಡೀಲಿ. ಶ್ರುತಿ ಮಾಡಿ ಅವಂಗ ಕೊಡು."

"ನಂದೇನ್ ತಪ್ಪಾತ್ರಿ, ಅಜ್ಜಾರ?"

"ತಪ್ಪೇನೂ ಇಲ್ಲ. ಕೊಡು."

ಬ್ಯಾಂಡಿನವರೂ ಅಂದು ಹೀಗೆಯೇ ಅಂದಿದ್ದರು.

ಅವನು ಮೂಲೆಗೆ ಹೋಗಿ, ಶ್ರುತಿ ಮಾಡುವ ನೆಪದಲ್ಲಿ ಬಿರಡೆ ತಿರುಗಿಸಿ ತಂತಿಯನ್ನು ಸಡಿಲಿಸಿದ. ಬ್ಯಾಂಡಿನಲ್ಲಿ ಬೇಸ್‌ನ ಶ್ರುತಿ ಚೂರು ಇಳಿದರೂ ಉಳಿದ ಗಿಟಾರುಗಳು ಅದನ್ನು ಹಿಡಿದುಕೊಡುತ್ತವೆ. ಆ ಅವಮಾನ ಎಂಥದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸಬನ ಮಾನ ಮೂರಾಬಟ್ಟೆಯಾಗುವುದನ್ನು ಕಣ್ಣಾರೆ ನೋಡಲು ಹಿಂದಿನ ಸಾಲಿನಲ್ಲಿ ಕೂತ.

ಫಕೀರೇಶ ತಂತಿ ಮೀಟಿದ. ನಾದ ತಗ್ಗಿ ಬಂತು.

ಅಜ್ಜಾರು ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಮ್ಮ ದನಿಯನ್ನು ಅಲ್ಲಿಗೇ ಇಳಿಸಿ ಪದ ಎತ್ತಿಕೊಂಡರು. ಉಳಿದವರೂ ಇಳಿದರು. ದಿನಾ ಮೇಲಿನ ಸ್ವರಕ್ಕೆ ಏದುಸಿರು ಬಿಡುತ್ತಿದ್ದ ಮುದುಕರು ಅಂದು ಗಂಟಲು ಬಿಚ್ಚಿ ಹಾಡಿದರು. ಅಡುಗೆಯ ಕಲ್ಲವ್ವ ಕೂಡ ಬಾಗಿಲಲ್ಲಿ ನಿಂತು ದನಿ ಸೇರಿಸಿದಳು.

ಇಂದೂಧರ ಬಾಯಿ ತೆರೆದ. ಅವನ ತಲೆಯಲ್ಲಿ ಇನ್ನೂ ನಿನ್ನೆಯ ಶ್ರುತಿಯೇ ಇತ್ತು. ಇಡೀ ಭಜನೆಯಲ್ಲಿ ಅವನೊಬ್ಬನದೇ ಅಪಸ್ವರ. ಬಾಯಿ ಮುಚ್ಚಿಕೊಂಡ.

"ಇವತ್ತ ಭಾಳ ಛಲೋ ಕೂಡಿತ್ತೋ!" ಎಂದು ಮುದುಕರು ಫಕೀರೇಶನ ಬೆನ್ನು ತಟ್ಟಿದರು.

"ನಂದೇನಿಲ್ರೀ, ಶ್ರುತಿ ಮಾಡಿದವ್ರು ಅವ್ರು" ಎಂದು ಅವನು ಇಂದೂಧರನತ್ತ ಕೈ ತೋರಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ, ಇದನ್ನು ತಡೆದುಕೊಳ್ಳಲು ಇಂದೂಧರನಿಂದ ಆಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅಜ್ಜಾರ ಮುಂದೆ ಬಂದು ಕೂತ.

"ಅಜ್ಜಾರ, ತಂತಿ ಸಡ್ಲ ಮಾಡಿದ್ದು ಬೇಕಂತನ. ಅವನ ಮಾನಾ ಹೋಗ್ಲಿ ಅಂತ."

"ಗೊತ್ತೈತಿ."

"ಮತ್ತ ಅಲ್ಲೇ ಯಾಕ ನಿಲ್ಲಸ್ಲಿಲ್ರಿ?"

"ಹಾಡೂದಿತ್ತಲ್ಲ."

"ನನ್ನ ಇಲ್ಲಿಂದನೂ ಕಳಸ್ತೀರೇನ್ರಿ?" ಈ ಜಾಗವೂ ಹೋದರೆ ಅವನಿಗೆ ಇನ್ನೊಂದಿರಲಿಲ್ಲ.

ಅಜ್ಜಾರು ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದರು. ತಂತಿಯನ್ನು ಬಿಗಿ ಮಾಡಲಿಲ್ಲ.

"ತಂತಿ ಇಳಿಸಿದಾಂವ ನೀನು. ನಾವೆಲ್ಲಾ ಇಳದ ಬಂದು ಹಾಡಿದ್ವಿ. ನೀ ಯಾವಾಗ ಇಳೀತಿ, ತಮ್ಮಾ?"