ರಾಗಿಯ ತುಲಾಭಾರ

“ಅಮ್ಮಾ, ನಾನು ಹೇಳುವುದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ನನ್ನ ಚೀಲ ಕಂಡರೆ ಸಾಕು, ಹೆಂಗಸರು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಾರೆ. ಯಾಕೆ?”

ಹೀಗೆ ಕೇಳಿದವಳು ಶಶಿರೇಖಾ. ಹಳ್ಳಿ ಹಳ್ಳಿ ಸುತ್ತುವ ನರ್ಸ್ ಕೆಲಸಕ್ಕೆ ಆಗಷ್ಟೇ ಸೇರಿದ್ದಳು. ಕೇಳಿದ್ದು ಗುರುಶಾಂತಮ್ಮನವರನ್ನು. ಅವರು ಅದೇ ಕೆಲಸದಲ್ಲಿ ತಲೆ ನರೆಸಿಕೊಂಡು ಈಗ ಹೊಸಬರಿಗೆ ಕಲಿಸುತ್ತಿದ್ದವರು. ಗುರುಶಾಂತಮ್ಮ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿಗೆ ಒಬ್ಬ ನರ್ಸ್ ಹೋದಳು. ಮಕ್ಕಳನ್ನು ತೂಗುವ ತಕ್ಕಡಿ ತಂದಿದ್ದಳು. ಜೋಳಿಗೆಯಲ್ಲಿ ಮಗುವನ್ನು ಕೂರಿಸಿ ಕೊಕ್ಕೆಗೆ ತೂಗುಹಾಕಿದರೆ ಮುಳ್ಳು ತಿರುಗಿ ತೂಕ ತೋರಿಸುವಂಥದ್ದು. ಊರು ಅದನ್ನು ನೋಡಿತು, ಬಾಗಿಲು ಹಾಕಿಕೊಂಡಿತು. ಮಗುವನ್ನು ಸುಮ್ಮನೆ ತೂಗಿದರೆ ಅದು ಸೊರಗುತ್ತದೆ ಎಂಬುದು ಅಲ್ಲಿನ ನಂಬಿಕೆ.

ಒಂದು ಮನೆಯ ಜಗಲಿಯ ಮೇಲೆ ಮಗುವೊಂದು ಮಲಗಿತ್ತು. ಹೆಣ್ಣು ಮಗು. ತೆವಳುವ ವಯಸ್ಸು, ತೆವಳುತ್ತಿರಲಿಲ್ಲ. ಅಳುವುದಕ್ಕೂ ತ್ರಾಣವಿರಲಿಲ್ಲ. ಮುಂದೆ ಮಳೆಗಾಲ. ಒಂದು ಸಲ ಭೇದಿ ಹತ್ತಿಕೊಂಡರೆ ಈ ಮಗು ಉಳಿಯುವುದಿಲ್ಲ ಎಂದು ನರ್ಸಿಗೆ ನೋಡಿದೊಡನೆ ತಿಳಿಯಿತು. ತಾಯಿ ಕಂಬದ ಹಿಂದೆ ನಿಂತಿದ್ದಳು. ಕಣ್ಣಲ್ಲೇ ಬೇಡುತ್ತಿದ್ದಳು, ಬಾಯಿ ತೆರೆಯಲಿಲ್ಲ. ಬಾಯಿ ತೆರೆದವಳು ಅತ್ತೆ.

“ನಮ್ಮ ಮಗೂನ ಮುಟ್ಟಬೇಡ. ಸಂತೆ ಬದನೆಕಾಯಾ ಇದು, ಕೊಕ್ಕೆಗೆ ನೇತು ಹಾಕೋಕೆ?”

“ಅಜ್ಜಿ, ಮಗು ಬಹಳ ಬಡವಾಗಿದೆ. ಏನು ತಿನ್ನಿಸ್ತೀರಿ?”

“ಹಲ್ಲು ಬರೋ ತನಕ ತಿನ್ನಿಸೋದೇನು? ತಾಯಿ ಹಾಲು, ಗಂಜಿ ತಿಳಿ. ನನ್ನ ಮಗನೂ ಹಿಂಗೇ ಇದ್ದ, ಈಗ ನೋಡು ಗೂಳಿ ಹಂಗವ್ನೆ. ತೂಗೋದಾದ್ರೆ ದೇವರ ಮುಂದೆ ತೂಗ್ತಾರೆ ಕಣಮ್ಮ, ಈ ಕಡೆ ಮಗು, ಆ ಕಡೆ ಬೆಲ್ಲವೋ ಕಾಳೋ ಇಟ್ಟು. ನಿನ್ನ ತಕ್ಕಡೀಲಿ ಆ ಕಡೆ ಏನೈತೆ? ಏನೂ ಇಲ್ಲ! ಕೊಡೋ ಕೈ ಇಲ್ಲದೆ ತೂಗೋಕೆ ಬಂದುಬಿಟ್ಳು!”

ಬೇರೆಯವಳಾಗಿದ್ದರೆ ಅಳುತ್ತಾ ಬಸ್ಸು ಹತ್ತುತ್ತಿದ್ದಳು. ಈ ನರ್ಸ್ ಓಡಿದಳು. ಎಲ್ಲಿಗೆ? ಹುಣಸೆಹಣ್ಣಿನ ವ್ಯಾಪಾರಿಯ ಅಂಗಡಿಗೆ! ಎರಡು ತಟ್ಟೆಯ ದೊಡ್ಡ ತಕ್ಕಡಿ ಅವನಲ್ಲಿತ್ತು.

“ಕೊಡ್ತೀನಿ ನರ್ಸಮ್ಮ,” ಅಂದ ವ್ಯಾಪಾರಿ, “ಆದರೆ ತೊಳೆದು ಕೂರಿಸಿ. ಮಕ್ಕಳು ಹುಳಿಯಾದಾವು!”

ಗುಡಿಯ ಮುಂದಿನ ಹೊಂಗೆ ಮರಕ್ಕೆ ತಕ್ಕಡಿ ಕಟ್ಟಿದರು. ತಟ್ಟೆಗೆ ಮಡಿ ಬಟ್ಟೆ ಹಾಸಿದರು. ನರ್ಸ್ ಊರೆಲ್ಲ ಹೇಳಿಬಂದಳು: ಇವತ್ತು ಮಕ್ಕಳಿಗೆ ರಾಗಿ ತುಲಾಭಾರ. ರಾಗಿ ನಿಮ್ಮ ಮನೆಯದೇ ತನ್ನಿ. ತೂಗಿದ ರಾಗಿ ಪೂರ್ತಿ ಮಗುವಿನ ಪಾಲು. ದೊಡ್ಡವರು ಒಂದು ಹಿಡಿಯನ್ನೂ ಮುಟ್ಟುವ ಹಾಗಿಲ್ಲ, ಮೊಳಕೆ ಕಟ್ಟಿ, ಬೀಸಿ, ರಾಗಿ ಸರಿ ಕಾಯಿಸಿ ಮಗುವಿಗೇ ತಿನ್ನಿಸಬೇಕು.

ಆಗ ನೋಡಬೇಕಿತ್ತು ಆ ಊರಿನ ಸಡಗರ! ಬಾಗಿಲು ಹಾಕಿಕೊಂಡಿದ್ದವರೇ ಮಕ್ಕಳಿಗೆ ಎಣ್ಣೆ ನೀರು ಹಾಕಿ, ಕಾಡಿಗೆ ತೀಡಿ, ಮೊರದಲ್ಲಿ ರಾಗಿ ತುಂಬಿಕೊಂಡು ಬಂದರು. ನಾ ಮುಂದು ತಾ ಮುಂದು ಎಂದು ನೂಕಾಡಿದರು. ಒಂದು ಮಗು ತಟ್ಟೆಯಲ್ಲೇ ಉಚ್ಚೆ ಹೊಯ್ದಾಗ “ಅಭಿಷೇಕ ಆಯ್ತು!” ಎಂದು ವ್ಯಾಪಾರಿ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನರ್ಸನ್ನು ಗದರಿದ್ದ ಆ ಮುದುಕಿಯೂ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಅವಳು ಬಂದಾಗ ಪಕ್ಕದ ಮನೆಯ ಮಗು ತೂಗಿ ಇಳಿದಿತ್ತು. ಅದೂ ಇವಳ ಮೊಮ್ಮಗಳೂ ಒಂದೇ ವಾರದಲ್ಲಿ ಹುಟ್ಟಿದವರು. ಪಕ್ಕದ ಮನೆಯವಳು ತನ್ನ ರಾಗಿಯನ್ನು ತೆಗೆಯಲು ಕೈ ಹಾಕಿದಳು.

“ಇರಲಿ ಬಿಡೇ, ತೆಗೀಬೇಡ,” ಎಂದಳು ಮುದುಕಿ. “ನಮ್ಮದೇನು ನಿಮ್ಮದಕ್ಕಿಂತ ಕಮ್ಮಿನಾ? ಅಷ್ಟೇ ತೂಗುತ್ತೆ.”

ಮೊಮ್ಮಗಳನ್ನು ತಟ್ಟೆಯಲ್ಲಿ ಕೂರಿಸಿದಳು. ತಟ್ಟೆ ಕೆಳಗೆ ಬರಲಿಲ್ಲ. ಮಗು ಮೇಲೆಯೇ ನಿಂತಿತು, ಗಾಳಿಯಲ್ಲಿ.

ನಗು ನಿಂತುಹೋಯಿತು.

“ತಕ್ಕಡಿ ಸರಿ ಇಲ್ಲ,” ಎಂದಳು ಮುದುಕಿ. ತಟ್ಟೆ ಎರಡನ್ನೂ ಬರಿದು ಮಾಡಿ ತೋರಿಸಿದರು. ಸಮನಾಗಿ ನಿಂತವು. ಮಗುವನ್ನು ಮತ್ತೆ ಕೂರಿಸಿ, ರಾಗಿಯನ್ನು ಮತ್ತೆ ಸುರಿದರು. ಮಗು ಮತ್ತೆ ಮೇಲೆ ಹೋಯಿತು. ಮುದುಕಿ ತಾನೇ ಸೆರಗು ಒಡ್ಡಿ, ರಾಗಿಯನ್ನು ಬೊಗಸೆ ಬೊಗಸೆಯಾಗಿ ತೆಗೆದು ಅದರೊಳಗೆ ಹಾಕಿಕೊಂಡಳು. ತಟ್ಟೆಗಳು ಸಮವಾಗುವ ಹೊತ್ತಿಗೆ ಸೆರಗು ಜಗ್ಗುತ್ತಿತ್ತು. ಅವಳು ಆ ಭಾರವನ್ನು ಎರಡೂ ಕೈಯಿಂದ ಹಿಡಿದು ನಿಂತಳು.

“ನನ್ನ ಕೂಸು ಇಷ್ಟೊಂದು ಕಮ್ಮಿ ಐತಲ್ಲೇ,” ಎಂದಳು.

ಆಮೇಲೆ ನರ್ಸಿನ ಕಡೆ ತಿರುಗಿದಳು. “ಬಾರಮ್ಮ ಮನೆಗೆ. ರಾಗಿ ಸರಿ ಎಷ್ಟು ಗಟ್ಟಿ ಇರಬೇಕು ತೋರಿಸು. ಹಲ್ಲು ಬಂದಾಗ ಬರಲಿ!”

ಆ ರಾಗಿಯನ್ನು ವಾಪಸು ಕೇಳಲು ಪಕ್ಕದ ಮನೆಯವಳಿಗೆ ಮನಸ್ಸು ಬರಲಿಲ್ಲ. ಅವತ್ತೇ ಮುದುಕಿಯ ಮನೆಯಲ್ಲಿ, ಇದ್ದ ಹಿಟ್ಟಿನಲ್ಲೇ ಸರಿ ಕಾಯಿಸಲು ಒಲೆ ಹತ್ತಿತು. ಸೊಸೆ ಕಂಬದ ಹಿಂದಿನಿಂದ ಈಚೆ ಬಂದು ಮಗುವಿನ ಬಾಯಿಗೆ ಮೊದಲ ತುತ್ತು ಇಟ್ಟಳು. ನರ್ಸ್ ಮತ್ತೆ ಮತ್ತೆ ಬಂದಳು. ಮಳೆಗಾಲ ಹಿಡಿಯಿತು, ಭೇದಿಯೂ ಬಂತು. ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕಲಸಿ ಕುಡಿಸುವುದನ್ನು ಅವಳು ಆ ಹೊತ್ತಿಗೆ ಕಲಿಸಿಕೊಟ್ಟಿದ್ದಳು. ಮಗು ತಡೆದುಕೊಂಡಿತು. ತಿಂಗಳಿಗೊಮ್ಮೆ ತಕ್ಕಡಿ ಕಟ್ಟುವುದು ರೂಢಿಯಾಯಿತು. ಮುದುಕಿಯರು ಬಸುರಿ ಸೊಸೆಯಂದಿರನ್ನೂ ಎಳೆದು ತಂದರು. “ಇವಳನ್ನೂ ನೋಡು ತಾಯಿ, ಹೊಟ್ಟೇಲಿರೋದು ಸೊರಗಬಾರದು!” ನರ್ಸ್ ಅವರ ಕೈ ಹಿಡಿದಳು, ಕಣ್ಣ ರೆಪ್ಪೆ ಇಳಿಸಿ ನೋಡಿದಳು, ರಕ್ತ ಹೆಚ್ಚಿಸುವ ಮಾತ್ರೆ ಕೊಟ್ಟಳು.

ಸುಗ್ಗಿ ಬಂತು. ಆ ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗು ಕೈಕಾಲು ಬಡಿಯುತ್ತಿತ್ತು, ಹಿಡಿದರೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. “ಜಾಗ ಬಿಡ್ರೋ!” ಎಂದು ಗದರುತ್ತಾ ತಟ್ಟೆಯಲ್ಲಿ ಇಟ್ಟಳು. ಧಡಕ್ಕನೆ ತಟ್ಟೆ ನೆಲಕ್ಕೆ ಬಡಿಯಿತು! ಆಚೆ ತಟ್ಟೆ ಮೇಲೆ ಹಾರಿ, ಹೋದ ತಿಂಗಳ ಅಳತೆಗೆ ಸುರಿದಿದ್ದ ರಾಗಿಯೆಲ್ಲ ಜನರ ತಲೆಯ ಮೇಲೆ ಚೆಲ್ಲಿತು. ಮುದುಕಿ ಕುಣಿದಳು. ವ್ಯಾಪಾರಿ ಕುಣಿದ. ಊರೇ ಕೇಕೆ ಹಾಕಿತು.

ಶಶಿರೇಖಾಳ ಕಣ್ಣು ಅರಳಿತು. ಕೂತಲ್ಲಿ ಕೂರಲಾರದೆ ಮುಂದೆ ಸರಿದು ಕೇಳಿದಳು. “ಎಷ್ಟು ಬಂತು ಅಮ್ಮಾ? ಕೊನೆಗೆ ಆ ಮಗುವಿನ ತೂಕ ಎಷ್ಟು ಬಂತು?”

ಗುರುಶಾಂತಮ್ಮ ಅವಳ ಮುಖ ನೋಡಿದರು.

“ತೂಕ ಕೇಳಿದೆ ಮಗಳೇ, ಅದರ ಹೆಸರೇನು ಅಂತ ನೀನು ಇನ್ನೂ ಕೇಳಲೇ ಇಲ್ಲ.”