ಯಾವುದರಿಂದ ಆಯಿತು?

ಮಲಪ್ರಭೆಯ ದಂಡೆಯ ಮಠದಲ್ಲಿ ಮುನ್ನೂರು ತಾಳೆಗರಿಗಳಿದ್ದವು. ಅವನ್ನು ಓದಬಲ್ಲವರು ಹಾಲಯ್ಯಜ್ಜ ಒಬ್ಬರೇ. ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು.

ಗರಿಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅಂಗೈಯಗಲದ ಅಕ್ಷರ ಮಾಡಿ ಅಜ್ಜನಿಗೆ ತೋರಿಸುವುದು ಶಿಷ್ಯ ಮುರಿಗೆಪ್ಪನ ಹೊಣೆ. ಹಳೆಯ ಯಂತ್ರ ಆ ಭಾರ ತಾಳಲಿಲ್ಲ. ಅವನೇ ಹಟ ಹಿಡಿದು, ಪರದೆಗೆ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿ ಕೂರಿಸಿದ.

ಪರದೆ ಬೆಳಗಿತು. ಗರಿಯೊಂದನ್ನು ತೆರೆದು ದೊಡ್ಡದು ಮಾಡಿದ್ದೇ ತಡ, ಕಪ್ಪಾಯಿತು.

ಮೂರು ದಿನ ಇದೇ ಪಾಡು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಿಸು ಎಂದ ಒಬ್ಬ. ಮೆಮೊರಿ ಬಿಚ್ಚಿ ಹಾಕು ಎಂದ ಇನ್ನೊಬ್ಬ. ಫೋನಿನಲ್ಲಿ ಹತ್ತು ಜನ, ಹತ್ತು ಮಾತು. ಮುರಿಗೆಪ್ಪನ ತಲೆ ಗಿರ್ರೆಂದಿತು.

"ಏನಾತೊ?" ಎಂದರು ಅಜ್ಜ.

"ತಲಿಬುಡ ತಿಳೀವಲ್ದು ಅಜ್ಜಾರ."

"ನನಗೂ," ಎಂದು ಅಜ್ಜ ಪೂಜೆಗೆ ಎದ್ದುಹೋದರು.

ನಾಲ್ಕನೆಯ ಬೆಳಿಗ್ಗೆ ಮುರಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಎಲ್ಲವನ್ನೂ ಒಟ್ಟಿಗೇ ಮಾಡಿಬಿಟ್ಟ. ಡ್ರೈವರ್ ಕಿತ್ತು ಹೊಸದು ಹಾಕಿದ. ಮೆಮೊರಿ ಪಟ್ಟಿಗಳ ಜಾಗ ಬದಲಿಸಿದ. ಪರದೆಗೆ ಬೇರೆ ಕೇಬಲ್ ಹಚ್ಚಿದ. ಕಾರ್ಡಿನ ಎರಡು ತೂತಿಗೂ ಒಂದೇ ಕವಲು ವೈರಿನಿಂದ ಕರೆಂಟ್ ಬರುತ್ತಿತ್ತು. ಅದನ್ನು ತೆಗೆದು ಒಂದೊಂದಕ್ಕೆ ಒಂದೊಂದು ವೈರು ಕೊಟ್ಟ.

ಗರಿ ತೆರೆಯಿತು. ಅಕ್ಷರಗಳು ದೊಡ್ಡದಾದವು. ಪರದೆ ಕಪ್ಪಾಗಲಿಲ್ಲ.

"ಅಜ್ಜಾರ, ಬರ್ರಿ! ಲಗೂನ ಬರ್ರಿ!"

ಅಜ್ಜ ಮುಖ ಹತ್ತಿರ ತಂದು ಒಂದು ಸಾಲು ಓದಿದರು. ಎಂಟು ತಿಂಗಳ ಮೇಲೆ ಓದಿದ ಸಾಲು ಅದು. ಕಣ್ಣೊರೆಸಿಕೊಂಡು ಕೇಳಿದರು.

"ಯಾವುದರಿಂದ ಆತು?"

"ನಾಕೂ ಕೂಡೇ ಮಾಡೀನ್ರಿ. ಯಾವುದರಿಂದ ಅಂತ... ಗೊತ್ತಿಲ್ರಿ."

"ಹಂಗಾರ ಒಂದೊಂದ ಮೊದಲಿನಂಗ ಮಾಡಕೋತ ಬಾ."

ಮುರಿಗೆಪ್ಪ ದಂಗಾದ. "ಮತ್ತ ಕಪ್ಪಾದ್ರ? ಇನ್ನೊಮ್ಮೆ ಹತ್ತದಿದ್ರ? ನಿಮಗ ಓದಾಕ..."

"ನಾ ಓದಕೋತ ಇರ್ತೀನಿ. ನೀ ಮಾಡು."

ಯಂತ್ರ ಆರಿಸಿ, ಹಳೆಯ ಕೇಬಲ್ ಹಾಕಿ ಹಚ್ಚಿದ. ಅಜ್ಜ ಎರಡನೆಯ ಸಾಲು ಓದಿದರು. ಮೆಮೊರಿ ಪಟ್ಟಿಗಳನ್ನು ಮೊದಲಿನ ಜಾಗಕ್ಕೆ ತಂದ. ಮೂರನೆಯ ಸಾಲು ಓದಿದರು. ಹಳೆಯ ಡ್ರೈವರನ್ನೇ ಮರಳಿ ಹಾಕಿದ. ನಾಲ್ಕನೆಯದೂ ಸಾಗಿತು.

ಮೂರು ದಿನ ಮುರಿಗೆಪ್ಪ ಬೈದದ್ದೆಲ್ಲ ಇವುಗಳನ್ನೇ.

"ಅಂದರ ವೈರೇ ಇರಬೇಕ್ರಿ. ಅದನ್ನ ತೆಗೆಯೋದು ಬ್ಯಾಡ ಅಜ್ಜಾರ, ಗರಿ ಮುಗೀಲಿ."

"ಇರಬೇಕು ಅಂದಿ. ಐತಿ ಅನ್ನಲಿಲ್ಲ."

ಮುರಿಗೆಪ್ಪ ಯಂತ್ರ ಆರಿಸಿ, ಕವಲು ವೈರು ಹಾಕಿ ಹಚ್ಚಿದ. ಗರಿ ತೆರೆದು ದೊಡ್ಡದು ಮಾಡಿದ. ಅಜ್ಜ ಐದನೆಯ ಸಾಲಿನ ಅರ್ಧಕ್ಕೆ ಬಂದಿದ್ದರು. ಪರದೆ ಕಪ್ಪಾಯಿತು.

"ವೈರ್ರೀ ಅಜ್ಜಾರ! ವೈರ ಐತ್ರಿ! ಎರಡಕ್ಕೂ ಒಂದ ವೈರಿನ ಕರೆಂಟ್ ಸಾಲವಲ್ದ್ರಿ!" ಮುರಿಗೆಪ್ಪ ಕುಣಿದೇಬಿಟ್ಟ. ಆಮೇಲೆ ಅಜ್ಜನ ಮುಖ ನೋಡಿ ನಾಚಿಕೊಂಡ.

ಅಜ್ಜ ಆ ಕಪ್ಪು ಪರದೆಯ ಮುಂದೆಯೇ ಕೂತಿದ್ದರು.

"ಇಷ್ಟೊತ್ತು ನಾ ಗರಿ ಓದಿದೆ," ಎಂದರು. "ಈಗ ನೀ ಯಂತ್ರ ಓದಿದಿ."